ಗಾಳದ ತಲೆಗೆ ಓಲಗದ ದಾರ

ಹೋದ ತಿಂಗಳು ಕೆಲಸದ ಮೇಲೆ ಗೌರಿಬಿದನೂರಿಗೆ ಹೋಗಿದ್ದೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಿಂತು ಟೀ ಕುಡಿಯುತ್ತಿದ್ದಾಗ ಪಕ್ಕದ ಬ್ಯಾಟರಿ ಅಂಗಡಿಯವನು ಹಳೇ ಬಾಣಲೆಯಲ್ಲಿ ಸೀಸ ಕರಗಿಸಲು ಶುರು ಮಾಡಿದ. ಸೀಸಕ್ಕೆ ವಾಸನೆಯಿಲ್ಲ ಎಂದು ಓದಿದವರು ಹೇಳುತ್ತಾರೆ. ಇರಬಹುದು. ಅದಕ್ಕೆ ಅಂಟಿದ ಕೊಳೆ, ಗ್ರೀಸು, ಬ್ಯಾಟರಿಯ ಆಸಿಡ್ಡು ಎಲ್ಲ ಸೇರಿ ಸುಡುವಾಗ ಬರುವ ವಾಸನೆ ಮಾತ್ರ ನನಗೆ ಚೆನ್ನಾಗಿ ಗೊತ್ತು. ಅರ್ಧ ಟೀ ಚರಂಡಿಗೆ ಚೆಲ್ಲಿ ಆ ರಸ್ತೆ ಬಿಟ್ಟು ಬಂದೆ. ಇದೇ ಊರಿನಲ್ಲಿ ಒಂದು ಚಳಿಗಾಲ ಪೂರ್ತಿ ನಾನು ಆ ವಾಸನೆಯಲ್ಲಿ ಕೂತು ಕೆಲಸ ಮಾಡಿದ್ದೆ.

ನಾನು ಹಲ್ಲು ಕಟ್ಟುವವನು. ಡಾಕ್ಟರಲ್ಲ. ಡಾಕ್ಟರು ಬಾಯೊಳಗಿನ ಅಳತೆ ತೆಗೆದುಕೊಡುತ್ತಾರೆ. ಅದರಿಂದ ಅಚ್ಚು ಮಾಡಿ, ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಒಸಡು ಬೇಯಿಸಿ, ಸೆಟ್ಟು ತಯಾರು ಮಾಡುವುದು ನಮ್ಮಂಥವರ ಕೆಲಸ. ಈಗ ಚಿಕ್ಕಬಳ್ಳಾಪುರದಲ್ಲಿ ನನ್ನದೇ ಒಂದು ಸಣ್ಣ ಲ್ಯಾಬ್ ಇದೆ. ಆಗ, ಎರಡು ಸಾವಿರದ ಐದರಲ್ಲಿ, ಗೌರಿಬಿದನೂರಿನ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಸಂಬಳಕ್ಕಿದ್ದೆ. ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆಗೂಡು ಬೇಯಿಸುವ ಬೀದಿಯಲ್ಲಿ. ಸತ್ತ ಹುಳದ ವಾಸನೆಯಲ್ಲೇ ಅನ್ನ ತಿಂದು ಬೆಳೆದವನು ಹೀಗೆ ಮೂಗು ಮುಚ್ಚಿಕೊಳ್ಳಬಾರದು ಎಂದು ಅಮ್ಮ ಬೈಯುತ್ತಿದ್ದಳು. ಏನು ಮಾಡಲಿ, ನನಗೆ ಚಿಕ್ಕಂದಿನಿಂದ ಎಲ್ಲದಕ್ಕೂ ಹೇಸಿಗೆ. ಇನ್ನೊಬ್ಬರು ಕುಡಿದ ಲೋಟ ಮುಟ್ಟುವುದಿಲ್ಲ. ಇಂಥವನು ಊರವರ ಬಾಯಿಯ ಕೆಲಸಕ್ಕೆ ಬಂದು ಬಿದ್ದೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿದು ಸುತ್ತಮುತ್ತಲಿನ ಕೆರೆಗಳು ಕೋಡಿ ಹರಿದವು. ವರ್ಷಗಟ್ಟಲೆ ಜಾಲಿ ಬೆಳೆದು ನಿಂತಿದ್ದ ಕೆರೆಗಳಲ್ಲಿ ನೀರು ಬಂತು, ನೀರಿನ ಹಿಂದೆ ಮೀನು ಬಂತು, ಮೀನಿನ ಹಿಂದೆ ನಮ್ಮ ಡಾಕ್ಟರು ಹೋದರು. ಮೊದಲು ಬರೀ ಭಾನುವಾರ, ಮಂಚೇನಹಳ್ಳಿ ಕಡೆಯ ಕೆರೆಗೆ. ಆಮೇಲೆ ಬುಧವಾರವೂ ಸೇರಿತು. ಸಿಂಗಾಪುರದಲ್ಲಿದ್ದ ಅವರ ಭಾವ ಒಂದು ಪೆಟ್ಟಿಗೆ ರಬ್ಬರ್ ಮೀನು ತಂದುಕೊಟ್ಟಿದ್ದರು. ಬೆರಳುದ್ದದ ಮೆತ್ತನೆಯ ಮೀನುಗಳು, ಮುಟ್ಟಿದರೆ ಗೊಣ್ಣೆ ಮುಟ್ಟಿದ ಹಾಗೆ. ಅವುಗಳ ಜೊತೆಗೆ ಜಿಗ್ ಹೆಡ್ ಎಂಬ ಹತ್ತು ಗಾಳಗಳು. ಅಂದರೆ ಗಾಳದ ಕುತ್ತಿಗೆಗೆ ಎರಕ ಹೊಯ್ದ ಒಂದು ಸೀಸದ ಗುಂಡು. ರಬ್ಬರ್ ಮೀನನ್ನು ಗಾಳಕ್ಕೆ ಪೋಣಿಸಿ ಆ ಗುಂಡಿಗೆ ತಾಗುವವರೆಗೂ ತಳ್ಳಿದರೆ ಗುಂಡೇ ಅದರ ತಲೆಯಾಗುತ್ತದೆ. ನೀರಿನಲ್ಲಿ ಎಳೆದರೆ ನಿಜವಾದ ಮೀನು ಓಡುವಂತೆ ಕಾಣುತ್ತದೆ, ಕೊರಮೀನು ಸಿಟ್ಟಿನಿಂದ ಬಾಯಿ ಹಾಕುತ್ತದೆ.

ಹತ್ತೂ ತಲೆಗಳು ಮೂರು ಭಾನುವಾರಗಳಲ್ಲಿ ಮುಳುಗಿದ ಜಾಲಿ ಬುಡಗಳಿಗೆ ಸಿಕ್ಕಿ ಹೋದವು. ರಬ್ಬರ್ ಮೀನುಗಳು ಇನ್ನೂ ಪೆಟ್ಟಿಗೆ ತುಂಬ ಇದ್ದವು. ಸೋಮವಾರ ಬೆಳಿಗ್ಗೆ ಡಾಕ್ಟರು ನನ್ನ ಕೋಣೆಗೆ ಬಂದರು. ಕೋಣೆಯೆಂದರೆ ಕ್ಲಿನಿಕ್‌ನ ಹಿಂದಿನ ಹಳೇ ಬಚ್ಚಲುಮನೆ, ಅದರಲ್ಲೇ ನನ್ನ ಮೇಜು, ಒಲೆ, ಪಾಲಿಷ್ ಮೋಟಾರು.

"ಏನೋ ಸುರೇಶ, ಇಡೀ ದವಡೆಗೇ ಅಚ್ಚು ತೆಗೀತೀಯ. ಇಷ್ಟುದ್ದ ಗಾಳಕ್ಕೆ ಒಂದು ತಲೆ ಹೊಯ್ಯಕ್ಕಾಗಲ್ವಾ?"

ಆಗಲ್ಲ ಸಾರ್ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಅದೇನ್ ಮಹಾ ಸಾರ್" ಎಂದೆ.

ದವಡೆಯ ಅಚ್ಚಿಗೆ ಬಳಸುವ ಗಟ್ಟಿ ಪ್ಲಾಸ್ಟರಿನಲ್ಲೇ ಎರಡು ಹೋಳಿನ ಅಚ್ಚು ಮಾಡಿದೆ. ಗಾಳ ಕೂರಲು ಒಂದು ಗೀರು, ಗುಂಡಿಗೆ ಒಂದು ಗುಳಿ, ಸೀಸ ಹೊಯ್ಯಲು ಒಂದು ಬಾಯಿ. ಟೈರ್ ಅಂಗಡಿಯಿಂದ ಚಕ್ರಕ್ಕೆ ಹೊಡೆಯುವ ಸೀಸದ ತೂಕದ ತುಂಡುಗಳನ್ನೂ, ಬ್ಯಾಟರಿಯವನಿಂದ ಹಳೇ ಪ್ಲೇಟುಗಳನ್ನೂ ಡಾಕ್ಟರೇ ತಂದಿದ್ದರು. ಅವರಿಗೆ ಪುರಸೊತ್ತಿರಲಿಲ್ಲ, ನನಗೆ ಬುದ್ಧಿ ಇರಲಿಲ್ಲ. ಪ್ಲಾಸ್ಟರು ಒಳಗೆ ಹಸಿಯಿದ್ದಾಗಲೇ ಸೀಸ ಹೊಯ್ದೆ. ಒಳಗಿನ ನೀರು ಆವಿಯಾಗಿ ಸೀಸವನ್ನೆಲ್ಲ ಮೇಲಕ್ಕೆ ಉಗುಳಿತು. ಗೋಡೆ, ಮೇಜು, ಹಲ್ಲಿನ ಪೆಟ್ಟಿಗೆ, ನನ್ನ ಮೊಣಕೈ, ಎಲ್ಲ ಕಡೆ ಬೂದುಬಣ್ಣದ ಹನಿಗಳು. ಮೊಣಕೈ ಮೇಲಿನ ಕಲೆ ಇನ್ನೂ ಇದೆ. ಆಮೇಲೆ ಅಚ್ಚನ್ನು ಎರಡು ದಿನ ಒಲೆಯ ಪಕ್ಕ ಒಣಗಿಸಿ ಹೊಯ್ದೆ. ತಲೆ ದುಂಡಗೆ, ನುಣ್ಣಗೆ, ಅಂಗಡಿಯದಕ್ಕಿಂತ ಚೆನ್ನಾಗಿ ಬಂತು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ನನ್ನ ಜಂಬ ಒಂದೇ ದಿನಕ್ಕೆ ಇಳಿಯಿತು. ಒಂದು ಸಲ ಕೊರಮೀನು ಎಳೆದರೆ ಸಾಕು, ರಬ್ಬರ್ ಮೀನು ತಲೆ ಬಿಟ್ಟು ಗಾಳದ ಬಾಗಿನವರೆಗೂ ಜಾರಿ ಮುದುಡಿಕೊಳ್ಳುತ್ತಿತ್ತು. ಗಟ್ಟಿ ವಸ್ತುವಿನ ಮೇಲೆ ಮೆತ್ತನೆಯದು ನಿಲ್ಲುತ್ತಿರಲಿಲ್ಲ. ಗೋಂದು ಹಾಕಿದೆ, ನೀರಿನಲ್ಲಿ ಬಿಟ್ಟುಕೊಂಡಿತು. ಹಲ್ಲಿಗೆ ಹಾಕುವ ಸ್ಟೀಲ್ ತಂತಿಯಿಂದ ಮುಳ್ಳು ಮಾಡಿ ಸೀಸದಲ್ಲಿ ಕೂರಿಸಿದೆ, ರಬ್ಬರನ್ನೇ ಸೀಳಿಹಾಕಿತು. ಪ್ರತಿ ಸೋಮವಾರ ಡಾಕ್ಟರು ಹರಿದ ರಬ್ಬರುಗಳನ್ನು ಮೇಜಿನ ಮೇಲೆ ಚೆಲ್ಲಿ "ನಿನ್ನ ಕೈಲಿ ಇಷ್ಟೇನಾ" ಎಂದು ಹೋಗುತ್ತಿದ್ದರು. ಅವಕ್ಕೆ ಮೀನಿನ ಲೋಳೆ ಮೆತ್ತಿರುತ್ತಿತ್ತು. ಹಿಡಿದ ಮೀನುಗಳನ್ನು ಅವರು ಮನೆಗೆ ಒಯ್ಯುವಂತಿರಲಿಲ್ಲ, ಮನೆಯಾಕೆ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ರೋಗಿಗಳು ಬಾಯಿ ಮುಕ್ಕಳಿಸಿ ಉಗುಳುವ ಬಟ್ಟಲಿನಲ್ಲೇ ಮೀನು ತೊಳೆದು, ಅರಿವಳಿಕೆ ಮದ್ದಿನ ಸೀಸೆಗಳಿರುವ ಫ್ರಿಜ್ಜಿನಲ್ಲೇ ಪೇಪರು ಸುತ್ತಿ ಇಡುತ್ತಿದ್ದರು. ಬಟ್ಟಲಿನ ಅಂಚಿಗೆ ಮೀನಿನ ಪೊರೆ ಅಂಟಿದ್ದನ್ನು ನಾನು ಹಲ್ಲು ಕಡಿದುಕೊಂಡು ಎಷ್ಟೋ ಸಲ ಉಗುರಿನಿಂದ ಕೆರೆದು ತೆಗೆದಿದ್ದೇನೆ. ಥೂ.

ಆ ಕಾರ್ತಿಕದಲ್ಲೇ ಮುನಿಶಾಮಪ್ಪ ಬಂದದ್ದು. ಮಂಡಿಕಲ್ ಕಡೆಯ ಓಲಗದವರು, ನಾದಸ್ವರ ಊದುವವರು. ವಯಸ್ಸು ಅರವತ್ತು ದಾಟಿತ್ತು. ಮೇಲ್ದವಡೆಯಲ್ಲಿ ಉಳಿದು ಅಲ್ಲಾಡುತ್ತಿದ್ದ ಆರೇಳು ಹಲ್ಲುಗಳನ್ನು ಡಾಕ್ಟರು ಕಿತ್ತು ಹಾಕಿ, ಗಾಯ ಮಾಯಲಿ, ಮೇಲಿನ ಸೆಟ್ಟು ಕಟ್ಟಿಕೊಡುತ್ತೇನೆ ಎಂದಿದ್ದರು. ಮೇಲೆ ಹಲ್ಲಿಲ್ಲದೆ ತುಟಿ ಒಳಕ್ಕೆ ಕುಸಿದು, ನಾದಸ್ವರದ ತುದಿಯ ಪೀಪಿಗೆ ಹಿಡಿತ ಸಿಗದೆ, ಊದಿದರೆ ಬರೀ ಗಾಳಿ ಹೋಗುತ್ತಿತ್ತಂತೆ. ಮೇಳದಲ್ಲಿ ಅವರ ಜಾಗಕ್ಕೆ ತಮ್ಮನ ಮಗ ಬಂದು ಕೂತಿದ್ದ.

"ಮಾಘದ ಮೊದಲ್ನೇ ಮದುವೇಗೆ ಹಲ್ಲು ಕಟ್ಟಿಸ್ಕೊಂಡು ಬಂದ್ರೆ ಮುಂದೆ ಕೂತ್ಕೋ ದೊಡ್ಡಪ್ಪ, ಇಲ್ಲಾಂದ್ರೆ ತಾಳ ಹಾಕ್ಕೊಂಡು ಹಿಂದೆ ಇದ್ಬಿಡು ಅಂದವ್ನೆ ಕಣಪ್ಪಾ" ಎಂದು ನನಗೆ ಹೇಳಿದರು. "ನಲವತ್ತು ವರ್ಷ ಮುಂದೆ ಕೂತೋನು ನಾನು. ತಾಳ ಹಾಕೋದು ಅಂದ್ರೆ ಏನು ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಅವರು ಮಾತಾಡುವಾಗ ಎಲೆಯಡಿಕೆಯ ಕೆಂಪು ಎಂಜಲು ತುಟಿಯ ಮೂಲೆಯಿಂದ ಇಳಿಯುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ.

ಗಾಯ ಮಾಯ್ದ ಮೇಲೆ ಅಳತೆ ತೆಗೆದು ಅಚ್ಚು ಮಾಡಿಟ್ಟಾಗಿತ್ತು. ಎರಡು ಮೂರು ದಿನದ ಕೆಲಸ. ಆದರೆ ಡಾಕ್ಟರಿಗೆ ಮೊದಲು ಗಾಳದ ತಲೆ ಆಗಬೇಕಿತ್ತು. "ಆ ಮುದುಕಂಗೆ ಏನ್ ಅರ್ಜೆಂಟು, ಮುಂದಿನ ವಾರ ಬರಕ್ಕೆ ಹೇಳು" ಎನ್ನುತ್ತಿದ್ದರು. ಮುನಿಶಾಮಪ್ಪ ಪ್ರತಿ ವಾರ ಬಸ್ಸು ಹಿಡಿದು ಬಂದು, ಇನ್ನೂ ಆಗಿಲ್ಲ ಎಂದಾಗ ಮುಖ ಸಿಂಡರಿಸದೆ ನನ್ನ ಕೋಣೆಯ ಹೊಸಿಲ ಹತ್ತಿರ ಕೂತುಬಿಡುತ್ತಿದ್ದರು. ವಾಪಸ್ಸು ಬಸ್ಸಿಗೆ ಹೊತ್ತಿರುತ್ತಿತ್ತು. ನಾನು ಅರ ಹಿಡಿದು ಸೀಸದ ತಲೆ ಉಜ್ಜುತ್ತ, ರಬ್ಬರು ತೊಡಿಸುತ್ತ, ಜಾರಿದಾಗ ಬೈದುಕೊಳ್ಳುತ್ತ ಇರುತ್ತಿದ್ದೆ.

ಒಂದು ದಿನ ಅವರಿಗೆ ನೋಡಿ ನೋಡಿ ಸಾಕಾಯಿತೇನೋ. "ಇಲ್ಲಿ ಕೊಡಪ್ಪಾ" ಎಂದು ಕೈ ಚಾಚಿದರು. ಚೀಲದಿಂದ ನಾದಸ್ವರದ ಪೀಪಿಯೊಂದನ್ನು ತೆಗೆದು ತೋರಿಸಿದರು. ಸಣ್ಣ ಲೋಹದ ಕೊಳವೆಯ ಮೇಲೆ ಒಣಗಿದ ಹುಲ್ಲುಕಡ್ಡಿಯ ಮೆತ್ತನೆ ತುದಿ, ಎರಡನ್ನೂ ಬಿಗಿದಿದ್ದದ್ದು ಒತ್ತೊತ್ತಾಗಿ ಸುತ್ತಿದ ದಾರ.

"ನೋಡು, ಇದು ಗಟ್ಟಿ, ಇದು ಮೆತ್ತಗೆ. ನಲವತ್ತು ವರ್ಷದಾಗೆ ಒಂದು ದಿನಾನೂ ಜಾರಿಲ್ಲ. ನುಣ್ಣಗಿರೋದ್ರ ಮೇಲೆ ಯಾವ್ದು ನಿಲ್ತೈತಪ್ಪಾ? ದಾರ ಸುತ್ತು. ಮುಳ್ಳು ಗಿಳ್ಳು ಬ್ಯಾಡ."

ಅವರ ಹತ್ತಿರ ಮೇಣ ತಿಕ್ಕಿದ ದಾರದ ಉಂಡೆ ಇತ್ತು. ದಾರದ ಒಂದು ತುದಿಯನ್ನು ಕೆಳಗಿನ ಹಲ್ಲಿಗೂ ಬೋಳು ಒಸಡಿಗೂ ನಡುವೆ ಕಚ್ಚಿಕೊಂಡು, ಸೀಸದ ಗುಂಡಿನ ಹಿಂದೆ ಗಾಳದ ಕಡ್ಡಿಗೆ ಸುತ್ತತೊಡಗಿದರು. ಮೊದಲು ಒಂದು ಸುತ್ತು ತೆಳ್ಳಗೆ, ಗುಂಡಿನ ಹತ್ತಿರ ಬಂದಂತೆ ದಪ್ಪ, ಕೊನೆಯಲ್ಲಿ ಗುಂಡಿಗೆ ಆತುಕೊಂಡು ಒಂದು ಸಣ್ಣ ದಿಂಡು. ಗಂಟು ಹಾಕಿ, ದಾರ ನೆನೆಯಲಿ ಎಂದು ಇಡೀ ತಲೆಯನ್ನೇ ಬಾಯಿಗೆ ಹಾಕಿಕೊಂಡು ಚೀಪಿದರು.

ನಾನು ಕೂಗಿಕೊಂಡೆ. "ತಾತ, ಉಗೀರಿ ಉಗೀರಿ! ಸೀಸ ಅದು! ವಿಷ! ಬಾಯಿಗೆ ಹಾಕ್ಕೋಬಾರ್ದು, ಮೈಯೊಳಗೆ ಸೇರಿದ್ರೆ ಹೋಗಲ್ಲ ಅದು!"

ಅವರು ಹೆದರಿ ಉಗಿದರು. ಹೊರಗೆ ಹೋಗಿ ನಾಲ್ಕು ಸಲ ಬಾಯಿ ಮುಕ್ಕಳಿಸಿ ಬಂದು, "ಒಳ್ಳೇದಾಯ್ತು ಹೇಳ್ದೆ ಕಣಪ್ಪಾ, ನಮ್ಗೇನು ಗೊತ್ತು" ಎಂದರು. ಆ ಎಂಜಲು ಗಾಳವನ್ನು ಚಿಮುಟದಲ್ಲಿ ಹಿಡಿದು ತೊಳೆದು ರಬ್ಬರ್ ಮೀನು ತೊಡಿಸಿದೆ. ದಾರದ ಮೆಟ್ಟಿಲುಗಳ ಮೇಲೆ ಬಿಗಿಯಾಗಿ ಏರಿ ದಿಂಡನ್ನೂ ನುಂಗಿ ಕೂತುಬಿಟ್ಟಿತು. ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ರಬ್ಬರು ಹಿಗ್ಗಿತೇ ಹೊರತು ಜಾಗ ಬಿಡಲಿಲ್ಲ. ಮುನಿಶಾಮಪ್ಪ ಮಗುವಿನ ಹಾಗೆ ಬೋಳು ಒಸಡು ಬಿಟ್ಟು ನಕ್ಕರು.

ಮುಂದಿನ ಭಾನುವಾರ ಡಾಕ್ಟರಿಗೆ ಒಂದೇ ರಬ್ಬರಿನಲ್ಲಿ ಐದು ಕೊರಮೀನು ಸಿಕ್ಕವು. ಸೋಮವಾರ ನನ್ನ ಬೆನ್ನು ತಟ್ಟಿ "ಭೇಷ್ ಕಣೋ" ಎಂದರು. ಯಾರು ಹೇಳಿಕೊಟ್ಟರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ವಾರದೊಳಗೆ ಅವರ ಬೆಂಗಳೂರಿನ ಸ್ನೇಹಿತರಿಗೆಲ್ಲ ಸುದ್ದಿ ಹೋಗಿ, ಅವರಿಗೆ ಇಪ್ಪತ್ತು, ಇವರಿಗೆ ಮೂವತ್ತು ಎಂದು ಬೇಡಿಕೆ ಶುರುವಾಯಿತು. ಪುಷ್ಯದ ಚಳಿಯಲ್ಲಿ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಸೀಸ ಹೊಯ್ದೆ, ಅರದಿಂದ ಉಜ್ಜಿದೆ, ದಾರ ಸುತ್ತಿದೆ. ಬೂದು ಪುಡಿ ಮೇಜಿನ ಮೇಲೆ, ಉಗುರಿನ ಸಂದಿಯಲ್ಲಿ, ಕರ್ಚೀಫಿನಲ್ಲಿ. ದಿನಕ್ಕೆ ಆರು ಸಲ ಕೈ ತೊಳೆದರೂ ಊಟದ ಅನ್ನಕ್ಕೆ ಲೋಹದ ರುಚಿ ಬರುತ್ತಿತ್ತು. ಮೂಲೆಯ ಗೂಡಿನಲ್ಲಿ ಮುನಿಶಾಮಪ್ಪನವರ ದವಡೆಯ ಅಚ್ಚು ಧೂಳು ಹಿಡಿದು ಕೂತಿತ್ತು.

ಅವರು ಬರುವುದು ಬಿಡಲಿಲ್ಲ. ಒಮ್ಮೆ ಅವರೆಕಾಯಿ ತಂದುಕೊಟ್ಟರು. "ನಂಗೆ ಸೊಪ್ಪು ಸಾರೇ ಗತಿ, ನೀನಾದ್ರೂ ತಿನ್ನು" ಎಂದರು. ನಾನು ತಲೆಯೆತ್ತದೆ ದಾರ ಸುತ್ತುತ್ತಿದ್ದೆ. ಅವರ ದಾರವನ್ನೇ, ಅವರೇ ಬಿಟ್ಟುಹೋಗಿದ್ದ ಉಂಡೆಯಿಂದಲೇ.

ಕೊನೆಗೆ ಮಾಘ ಬಂತು. ಡಾಕ್ಟರ ಹೊಸ ಮನೆಯ ಗೃಹಪ್ರವೇಶವೂ ಆ ತಿಂಗಳೇ ಗೊತ್ತಾಗಿತ್ತು, ಓಲಗಕ್ಕೆ ಮುನಿಶಾಮಪ್ಪನವರ ಮೇಳವನ್ನೇ ಒಪ್ಪಿಸಿದ್ದರು. ಆಗ ಡಾಕ್ಟರಿಗೆ ನೆನಪಾಯಿತು. "ಲೋ, ಆ ಮುದುಕಂದು ಮುಗಿಸ್ಬಿಡೋ, ಹಲ್ಲಿಲ್ದೆ ನಮ್ಮನೇಲಿ ಊದಿದ್ರೆ ಮಾನ ಹೋಗುತ್ತೆ." ಮೇಳ ಊದಬೇಕಿದ್ದ ಮಾಘದ ಮೊದಲ ಮದುವೆಗೆ ಮೂರೇ ದಿನ ಉಳಿದಿತ್ತು. ಎರಡು ಹಗಲು ಕೂತು ಹಲ್ಲು ಜೋಡಿಸಿದೆ. ಅದೇ ಮೇಜಿನ ಮೇಲೆ, ಸೀಸದ ಪುಡಿಯನ್ನು ಹಳೇ ಬನಿಯನ್ನಿನಿಂದ ಒರೆಸಿ, ಗುಲಾಬಿ ಪುಡಿಗೆ ದ್ರವ ಕಲಸಿ ಹಿಟ್ಟು ಮಾಡಿ, ಅಚ್ಚಿಗೆ ತುಂಬಿ ಬೇಯಿಸಿದೆ.

ಮರುದಿನ ಬೆಳಿಗ್ಗೆ ಅಚ್ಚು ಒಡೆದು ತೆಗೆದೆ. ಗುಲಾಬಿ ಒಸಡಿನಲ್ಲಿ ಚುಕ್ಕೆಗಳು. ಎಳ್ಳಿಗಿಂತ ಸಣ್ಣವು, ಬೂದುಬಣ್ಣದವು, ಎಂಟೋ ಹತ್ತೋ. ಅಂಗುಳಿಗೆ ತಾಗುವ ಕಡೆ ಒಂದು ಮೇಲಕ್ಕೇ ಎದ್ದಿತ್ತು. ಸೂಜಿಯಿಂದ ಕೆದಕಿದೆ, ಮೆತ್ತಗೆ ಕಿತ್ತು ಬಂತು. ಉಗುರಿನಿಂದ ಒತ್ತಿದರೆ ಚಪ್ಪಟೆಯಾಯಿತು. ಸೀಸವೇ. ಉಳಿದವು ಒಳಗೇ ಇದ್ದವು.

ಡಾಕ್ಟರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು. "ಒಳಗಡೆ ಇದ್ಯಲ್ಲ, ಏನೂ ಆಗಲ್ಲ. ಪಾಲಿಷ್ ಹೊಡೆದು ಕೊಟ್ಟು ಕಳ್ಸು" ಎಂದರು. ಹೊಸದಾಗಿ ಮಾಡಲು ಎರಡು ದಿನ ಬೇಕಿತ್ತು. ಮದುವೆ ನಾಳೆಯಿತ್ತು. ಇವತ್ತು ಕೊಡದಿದ್ದರೆ ಮುದುಕರ ಜಾಗ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಆಗಿತ್ತು. ಆದರೆ ನಾನು ಪಾಲಿಷ್ ಹೊಡೆದದ್ದು ಅದಕ್ಕಲ್ಲ. ಡಾಕ್ಟರಿಗೆ ಎದುರು ಮಾತಾಡಲು ಭಯ, ನನ್ನ ತಪ್ಪು ಬಯಲಾಗುತ್ತದೆಂಬ ನಾಚಿಕೆ, ಅಷ್ಟೇ.

ಮುನಿಶಾಮಪ್ಪ ಸೆಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಪೀಪಿಯಲ್ಲಿ ಕೂದಲೆಳೆ ಬಿರುಕನ್ನೂ ಹುಡುಕುವ ಕಣ್ಣು ಅವರದು.

"ಇದೇನಪ್ಪಾ ಚುಕ್ಕೆ?"

ಬಾಯಿಗೆ ಬಂದದ್ದು ಇದು: "ನಿಜವಾದ ಒಸಡಿನ ಥರಾನೇ ಕಾಣ್ಲಿ ಅಂತ ತಾತ. ಒಸಡಲ್ಲೂ ಹಂಗೇ ಚುಕ್ಕೆ ಇರುತ್ತಲ್ಲ."

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ನೀರು ಬಂತು. "ಇಷ್ಟು ಜೋಪಾನವಾಗಿ ಮಾಡಿದ್ಯಾ! ಅದಕ್ಕೇ ಇಷ್ಟು ದಿನ ಹಿಡೀತು ಅನ್ನು. ನಾನೊಬ್ಬ, ಮನಸ್ನಾಗೆ ನಿನ್ನ ಬೈಕೊಂಡಿದ್ದೆ ಕಣಪ್ಪಾ." ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವರು ಹೋದ ಮೇಲೆ ಸೋಪು ಹಾಕಿ ಕೈ ತೊಳೆದೆ, ಅಭ್ಯಾಸ. ಅವತ್ತು ನನ್ನ ಕೈಯೇ ನನಗೆ ಹೇಸಿಗೆಯಾಗಿತ್ತು.

ಸೆಟ್ಟು ಚೆನ್ನಾಗಿಯೇ ಕೂತಿತು. ಮದುವೆಯಲ್ಲಿ ಮುದುಕರು ಮುಂದೆ ಕೂತು ಊದಿದರಂತೆ, ತಮ್ಮನ ಮಗ ಪಕ್ಕಕ್ಕೆ ಸರಿದನಂತೆ. ಹತ್ತು ದಿನ ಕಳೆದು ಡಾಕ್ಟರ ಗೃಹಪ್ರವೇಶಕ್ಕೆ ಬಂದರು. ಹೊಸ ಜುಬ್ಬ, ಹಣೆಗೆ ಗಂಧ. ಅವತ್ತು ಅವರು ಊದಿದ್ದನ್ನು ನಾನು ಕೇಳಿದೆ. ನನಗೆ ರಾಗ ತಾಳ ಗೊತ್ತಿಲ್ಲ. ಹೋಮದ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ನೆಂಟರು ಮಾತು ನಿಲ್ಲಿಸಿ ಅವರ ಕಡೆ ತಿರುಗಿದ್ದು ಗೊತ್ತು. ಕೆನ್ನೆ ಉಬ್ಬಿ, ತುಟಿ ಬಿಗಿದು, ಅವರು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಆ ಉಸಿರೆಲ್ಲ ನನ್ನ ಚುಕ್ಕೆಗಳನ್ನು ಸವರಿಕೊಂಡೇ ಹೊರಗೆ ಬರುತ್ತಿತ್ತು.

ಊಟಕ್ಕೆ ಎರಡನೇ ಪಂಕ್ತಿಯಲ್ಲಿ ನನ್ನನ್ನು ಹುಡುಕಿಕೊಂಡು ಬಂದು ಪಕ್ಕದಲ್ಲೇ ಕೂತರು. ಎಲೆಗೆ ಹಿತಕವರೆ ಸಾರು ಬಂತು. ಅವರು ಒಂದೊಂದೇ ಕಾಳನ್ನು ಅಗಿದು ಅಗಿದು ತಿಂದರು. ಎದುರಿಗೆ ಡಾಕ್ಟರ ಬೆಂಗಳೂರಿನ ಮೀನಿನ ಸ್ನೇಹಿತರು ಕೂತಿದ್ದರು. ಅವರಲ್ಲೊಬ್ಬರು, "ಏನ್ ಅಜ್ಜಾರೇ, ಈ ವಯಸ್ಸಲ್ಲೂ ಹಲ್ಲು ಗಟ್ಟಿಯಾಗಿದ್ಯಲ್ಲ" ಎಂದರು.

ಮುನಿಶಾಮಪ್ಪ ಸೆಟ್ಟನ್ನು ಬಾಯಿಂದ ತೆಗೆದೇ ಬಿಟ್ಟರು. ಸಾರು ಮೆತ್ತಿದ ಅದನ್ನು ಲೋಟದ ನೀರಿನಲ್ಲಿ ಅದ್ದಿ ಎತ್ತಿ ಹಿಡಿದು, "ಈ ಹುಡುಗ ಕಟ್ಟಿಕೊಟ್ಟಿದ್ದು ಸ್ವಾಮೀ. ನೋಡಿ, ದೇವರು ಕೊಟ್ಟ ಒಸಡಿನ ಥರಾ ಚುಕ್ಕೆ ಇಟ್ಟು ಮಾಡವ್ನೆ. ಯಾರು ಮಾಡ್ತಾರೆ ಹಿಂಗೆ?" ಎಂದರು.

"ಥೂ ಥೂ, ಒಳಗಿಡಿ ಅಜ್ಜಾ, ಊಟದ ಹೊತ್ತಲ್ಲಿ" ಎಂದು ಅವರು ಮುಖ ಕಿವುಚಿದರು. ಬಡಿಸುವುದನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರು ಅಲ್ಲೇ ನಿಂತಿದ್ದರು. ಚುಕ್ಕೆಗಳನ್ನು ನೋಡಿದರು, ನನ್ನನ್ನು ನೋಡಿದರು, ನಕ್ಕು ಮುಂದೆ ಹೋದರು. ಮುದುಕರು ಮಾತ್ರ ಬೇಜಾರು ಮಾಡಿಕೊಳ್ಳದೆ ಸೆಟ್ಟನ್ನು ಬಾಯಿಗಿಟ್ಟುಕೊಂಡು ನಾಲಿಗೆಯಿಂದ ಸರಿಮಾಡಿಕೊಂಡರು.

ನಾನು ಬಗ್ಗಿ ಮೆಲ್ಲಗೆ ಹೇಳಿದೆ. "ತಾತ, ಅದನ್ನ ಒಂದು ವಾರ ನಂಗೆ ಕೊಡಿ. ಹೊಸದು ಮಾಡಿಕೊಡ್ತೀನಿ."

"ಯಾಕಪ್ಪಾ? ಏನಾಗೈತೆ ಇದಕ್ಕೆ?"

ಸೀಸ ಎಂಬ ಎರಡಕ್ಷರ ಸಾಕಾಗಿತ್ತು. ಅವರಿಗೆ ಅರ್ಥವಾಗುತ್ತಿತ್ತು, ನಾನೇ ಕೂಗಿ ಹೇಳಿಕೊಟ್ಟಿದ್ದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಕಾಯುತ್ತಿದ್ದರು.

"ಏನಿಲ್ಲ ತಾತ. ಇನ್ನೂ ಚೆನ್ನಾಗಿರೋದು ಮಾಡೋಣ ಅಂತ."

"ಇದಕ್ಕಿಂತ ಚೆನ್ನಾಗಿರೋದು ನಂಗ್ಯಾಕಪ್ಪಾ? ಸಾಯೋವರ್ಗೂ ಇದೇ ಇರ್ಲಿ ಬಿಡು."

ಬಡಿಸುವವನು ಪಾಯಸದ ಬಕೆಟ್ಟು ಹಿಡಿದು ಬಂದ. ಮುನಿಶಾಮಪ್ಪ ನನ್ನ ಎಲೆ ತೋರಿಸಿ, "ಈ ಮಗೂಗೆ ಇನ್ನೊಂದು ಸೌಟು ಹಾಕಪ್ಪಾ" ಎಂದರು. ನಾನು ಬೇಡ ಎನ್ನಲಿಲ್ಲ. ತಿಂದೆ.